ಕಮ್ಯುನಿಸಂ ನಂತರದ ಬ್ಯಾಂಕು, ವಿಮೆ: ಮೂವತ್ತೈದು ವರ್ಷಗಳ ಲೆಕ್ಕ

1991ರ ಜನವರಿ 22ರ ರಾತ್ರಿ ಒಂಬತ್ತರ ಟಿ.ವಿ. ವಾರ್ತೆಯಲ್ಲಿ ಸೋವಿಯತ್ ಜನರಿಗೆ ಒಂದು ಸುದ್ದಿ ಬಂತು. 50 ಮತ್ತು 100 ರೂಬಲ್‌ನ ಹಳೆಯ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ. ಬದಲಿಸಿಕೊಳ್ಳಲು ಮೂರು ದಿನ, ತಲೆಗೆ 1,000 ರೂಬಲ್ ಮಿತಿ. ಉಳಿತಾಯ ಖಾತೆಯಿಂದ ತಿಂಗಳಿಗೆ 500 ರೂಬಲ್‌ಗಿಂತ ಹೆಚ್ಚು ತೆಗೆಯುವಂತಿಲ್ಲ. 2016ರ ನವೆಂಬರ್ 8ರ ನೋಟು ರದ್ದತಿಯ ರಾತ್ರಿಯನ್ನು ಕಂಡ ನಮಗೆ ಆ ಸರತಿ ಸಾಲುಗಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಅಲ್ಲಿನವರ ಕಷ್ಟ ಆಗಷ್ಟೇ ಶುರುವಾಗಿತ್ತು. 1992ರ ಜನವರಿ 2ರಂದು ರಷ್ಯಾ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು; ಆ ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತೈದು ಪಟ್ಟಿಗೂ ಮಿಕ್ಕಿ ಏರಿದವು. ಮೂವತ್ತು ವರ್ಷ ದುಡಿದು ಪಾಸ್‌ಬುಕ್ಕಿನಲ್ಲಿ ಕೂಡಿಟ್ಟ ಹಣಕ್ಕೆ ಕೆಲವು ದಿನದ ದಿನಸಿಯೂ ಬರದಂತಾಯಿತು. ಅದೇ ಗತಿ ಸರ್ಕಾರಿ ವಿಮಾ ಸಂಸ್ಥೆ ಗೊಸ್‌ಸ್ತ್ರಾಖ್‌ನ ಜೀವ ವಿಮಾ ಪಾಲಿಸಿಗಳಿಗೂ ಆಯಿತು. ಮಗುವಿನ ಹದಿನೆಂಟಕ್ಕೆ, ಮಗಳ ಮದುವೆಗೆ ಎಂದು ತಿಂಗಳು ತಿಂಗಳು ಕಂತು ಕಟ್ಟಿದ್ದವರಿಗೆ ಅವಧಿ ಮುಗಿದಾಗ ಕೈಗೆ ಬಂದ ಕಾಗದದಲ್ಲಿ ಏನನ್ನೂ ಕೊಳ್ಳಲಾಗಲಿಲ್ಲ.

ಕಮ್ಯುನಿಸ್ಟ್ ಆಡಳಿತ ಕಳೆದ ದೇಶಗಳಲ್ಲಿ ಬ್ಯಾಂಕು ಮತ್ತು ವಿಮೆ ಬೆಳೆದ ಕಥೆಯನ್ನು ಸಾಮಾನ್ಯವಾಗಿ ಖಾಸಗೀಕರಣದ ಕಥೆಯಾಗಿ ಹೇಳುತ್ತಾರೆ: ಯಾರು ಬೇಗ ಮಾರಿದರು, ಯಾರು ವಿದೇಶಿಯರಿಗೆ ಮಾರಿದರು, ಯಾರು ಉಳಿಸಿಕೊಂಡರು ಎಂದು. ನನಗೆ ಆ ಲೆಕ್ಕ ಪೂರ್ತಿ ಒಪ್ಪಿಗೆಯಿಲ್ಲ. ಸಾಲ ಕೇಳಲು ಬಂದ ಪ್ರಬಲನಿಗೆ ‘ಇಲ್ಲ’ ಎನ್ನುವ ಶಕ್ತಿ ಬ್ಯಾಂಕಿಗೆ ಇತ್ತೇ, ಆ ಬ್ಯಾಂಕಿಗೆ ‘ಇಲ್ಲ’ ಎನ್ನುವ ಶಕ್ತಿ ಅದನ್ನು ಕಾಯುವ ಅಧಿಕಾರಿಗೆ ಇತ್ತೇ? ಈ ಮೂವತ್ತೈದು ವರ್ಷಗಳನ್ನು ಈ ಪ್ರಶ್ನೆ ಹಿಡಿದು ನೋಡಿದರೆ ಒಡೆತನದ ಲೆಕ್ಕಕ್ಕೆ ಸಿಗದ ಬಹಳಷ್ಟು ಸಂಗತಿಗಳು ಅರ್ಥವಾಗುತ್ತವೆ.

ಮೊದಲು ಏನಿತ್ತು ಎಂಬುದನ್ನು ನೋಡಬೇಕು. ಯೋಜಿತ ಅರ್ಥವ್ಯವಸ್ಥೆಯಲ್ಲಿ ಬ್ಯಾಂಕ್ ಎಂದರೆ ಒಂದೇ ಬ್ಯಾಂಕ್. ಸೋವಿಯತ್ ಒಕ್ಕೂಟದ ಗೊಸ್‌ಬ್ಯಾಂಕ್ ನೋಟು ಹೊರಡಿಸುತ್ತಿತ್ತು, ಕಾರ್ಖಾನೆಗಳ ಖಾತೆ ಇಡುತ್ತಿತ್ತು, ಯೋಜನೆ ಹೇಳಿದಷ್ಟು ಸಾಲವನ್ನು ಯೋಜನೆ ಹೇಳಿದವರಿಗೆ ಕೊಡುತ್ತಿತ್ತು. ಸಾಲಗಾರ ತೀರಿಸಬಲ್ಲನೇ ಎಂದು ಅಳೆಯುವ ಕೆಲಸವೇ ಅಲ್ಲಿ ಇರಲಿಲ್ಲ. ಜನರ ಕೈಯ ನಗದು ಒಂದು ಕಾಲುವೆಯಲ್ಲಿ, ಕಾರ್ಖಾನೆಗಳ ಲೆಕ್ಕದ ಹಣ ಇನ್ನೊಂದರಲ್ಲಿ ಹರಿಯುತ್ತಿತ್ತು. ಎರಡೂ ಬೆರೆಯದಂತೆ ಕಾಯುವುದೇ ಬ್ಯಾಂಕಿನ ಮುಖ್ಯ ಕೆಲಸ. ನಷ್ಟದ ಕಾರ್ಖಾನೆಯನ್ನು ಮುಳುಗಲು ಬಿಡದೆ ಸರ್ಕಾರ ಮತ್ತೆ ಮತ್ತೆ ಎತ್ತಿ ನಿಲ್ಲಿಸುವ ಈ ಪದ್ಧತಿಯನ್ನು ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ವಿವರವಾಗಿ ವಿಶ್ಲೇಷಿಸಿದ್ದರು. ಖರ್ಚಿಗೆ ಕಟ್ಟುನಿಟ್ಟಾದ ಮಿತಿಯೇ ಇಲ್ಲದಿದ್ದಾಗ ಸಂಸ್ಥೆಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಅವರ ಚಿಂತನೆಯ ತಿರುಳು. ಮುಂದೆ ಬ್ಯಾಂಕುಗಳಿಗೆ ಆದದ್ದನ್ನು ಓದುವಾಗ ಅವರ ಮಾತನ್ನು ನೆನಪಿಡಬೇಕು.

ಬರ್ಲಿನ್ ಗೋಡೆ ಬೀಳುವ ಮೊದಲೇ ಹಂಗೇರಿ ಎಚ್ಚೆತ್ತುಕೊಂಡಿತ್ತು. 1987ರ ಜನವರಿ 1ರಂದು ಕೇಂದ್ರೀಯ ಬ್ಯಾಂಕಿನ ವಾಣಿಜ್ಯ ವಿಭಾಗಗಳನ್ನು ಬೇರೆ ಬ್ಯಾಂಕುಗಳಾಗಿ ಮಾಡಿತು. ವಿಮೆಯಲ್ಲಿ ಇನ್ನೂ ಒಂದು ವರ್ಷ ಮುಂಚೆ, 1986ರಲ್ಲಿ, ಸರ್ಕಾರಿ ವಿಮಾ ಸಂಸ್ಥೆಯನ್ನು ಎರಡಾಗಿ ಒಡೆಯಿತು. ಪೋಲೆಂಡ್ 1989ರಲ್ಲಿ ಕೇಂದ್ರೀಯ ಬ್ಯಾಂಕಿನ ಪ್ರಾದೇಶಿಕ ಶಾಖೆಗಳಿಂದ ಒಂಬತ್ತು ಬ್ಯಾಂಕುಗಳನ್ನು ಕಟ್ಟಿತು. ಚೆಕೊಸ್ಲೊವಾಕಿಯಾ 1990ರಲ್ಲಿ ಅದೇ ಹಾದಿ ಹಿಡಿಯಿತು. ಕಾಗದದ ಮೇಲೆ ಇದು ಸುಲಭದ ಕೆಲಸ. ಹೊಸ ಬೋರ್ಡು, ಹೊಸ ಕಾನೂನು, ಹೊಸ ಅಧ್ಯಕ್ಷ. ಹಳೆಯ ಸಾಲಗಳು ಮಾತ್ರ ಹೊಸ ಬ್ಯಾಂಕಿನ ಪುಸ್ತಕದಲ್ಲೇ ಉಳಿದವು. ಸೋವಿಯತ್ ಮಾರುಕಟ್ಟೆ ಕುಸಿದ ಮೇಲೆ ಆ ಕಾರ್ಖಾನೆಗಳಿಗೆ ಬಡ್ಡಿ ಕಟ್ಟುವ ಶಕ್ತಿಯೂ ಇರಲಿಲ್ಲ.

ರಷ್ಯಾ ಹಿಡಿದ ದಾರಿ ಬೇರೆ. ಅಲ್ಲಿ ಪರವಾನಗಿ ಸುಲಭವಾಗಿ ಸಿಕ್ಕಿತು. 1990ರ ದಶಕದ ಮಧ್ಯಕ್ಕೆ ಬ್ಯಾಂಕುಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಬಹಳಷ್ಟು ಒಂದೊಂದು ಕಾರ್ಖಾನೆಯ ಅಥವಾ ಒಬ್ಬ ಉದ್ಯಮಿಯ ಖಜಾನೆಗಳಷ್ಟೇ. ಊರಿನವರ ಠೇವಣಿ ತೆಗೆದುಕೊಂಡು ಇನ್ನೊಬ್ಬರಿಗೆ ಸಾಲ ಕೊಡುವ ಕೆಲಸ ಅವುಗಳ ಗುರಿಯಾಗಿರಲಿಲ್ಲ. 1995ರ ಕೊನೆಯಲ್ಲಿ ಹಣಕ್ಕೆ ಪರದಾಡುತ್ತಿದ್ದ ಸರ್ಕಾರ ದೊಡ್ಡ ಕಂಪನಿಗಳ ಷೇರುಗಳನ್ನು ಒತ್ತೆಯಿಟ್ಟು ಬ್ಯಾಂಕುಗಳಿಂದ ಸಾಲ ಪಡೆಯಿತು. ನೊರಿಲ್ಸ್ಕ್ ನಿಕಲ್‌ನ ಶೇ 38ರಷ್ಟು ಷೇರು ಸುಮಾರು 17 ಕೋಟಿ ಡಾಲರ್‌ಗೆ ಹೋಯಿತು; ಹರಾಜು ನಡೆಸಿದ ಓನೆಕ್ಸಿಂಬ್ಯಾಂಕ್‌ನ ಕಡೆಯವರೇ ಗೆದ್ದರು. ಬ್ಯಾಂಕುಗಳು ಜನರಿಂದ ದೂರವಾಗಿ, ಸರ್ಕಾರಿ ಬಾಂಡು ಮತ್ತು ರಾಜಕೀಯಕ್ಕೆ ಹತ್ತಿರವಾದವು. 1998ರ ಆಗಸ್ಟ್ 17ರಂದು ಸರ್ಕಾರ ತನ್ನ ಅಲ್ಪಾವಧಿ ಬಾಂಡುಗಳ ಹಣ ಕೊಡಲಾಗದು ಎಂದಾಗ ಇನ್‌ಕಂಬ್ಯಾಂಕ್, ಮೆನಾಟೆಪ್, ಎಸ್‌ಬಿಎಸ್-ಅಗ್ರೋ ಸಾಲು ಸಾಲಾಗಿ ಬಿದ್ದವು. ಆರು ರೂಬಲ್ ಚಿಲ್ಲರೆಗೆ ಸಿಗುತ್ತಿದ್ದ ಡಾಲರ್ ವರ್ಷದ ಕೊನೆಗೆ ಇಪ್ಪತ್ತು ದಾಟಿತು. ಜನ ತಮ್ಮ ದುಡ್ಡನ್ನು ಮತ್ತೆ ಸರ್ಕಾರದ ಸ್ಬೆರ್‌ಬ್ಯಾಂಕಿಗೇ ತಂದಿಟ್ಟರು. ಏಳು ವರ್ಷದ ಹಿಂದೆ ತಮ್ಮ ಉಳಿತಾಯವನ್ನು ಕಳೆದ ಅದೇ ಬ್ಯಾಂಕಿಗೆ. ಬೇರೆ ದಾರಿ ಅವರಿಗೆ ಇರಲಿಲ್ಲ.

ಠೇವಣಿ ವಿಮೆ ಬಂದದ್ದು 2003ರ ಡಿಸೆಂಬರ್‌ನ ಕಾನೂನಿನಿಂದ. ಅದರ ಹಿಂದೆ ದುಡಿದವರಲ್ಲಿ ಕೇಂದ್ರೀಯ ಬ್ಯಾಂಕಿನ ಮೊದಲ ಉಪಾಧ್ಯಕ್ಷ ಆಂದ್ರೇ ಕೊಜ್ಲೊವ್ ಒಬ್ಬರು. ಠೇವಣಿ ವಿಮೆಗೆ ಸೇರಬೇಕಾದರೆ ಬ್ಯಾಂಕು ತನ್ನ ಲೆಕ್ಕಪುಸ್ತಕ ತೆರೆದು ತೋರಿಸಬೇಕು. ಆ ನೆಪದಲ್ಲಿ ಕಪ್ಪುಹಣ ತೊಳೆಯುವ ಬ್ಯಾಂಕುಗಳ ಪರವಾನಗಿಯನ್ನು ಅವರು ಒಂದೊಂದಾಗಿ ರದ್ದು ಮಾಡುತ್ತ ಬಂದರು. 2006ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಫುಟ್‌ಬಾಲ್ ಆಡಿ ಹೊರಬರುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಪರವಾನಗಿ ಕಳೆದುಕೊಂಡಿದ್ದ ಒಬ್ಬ ಬ್ಯಾಂಕರ್‌ಗೆ ಆ ಕೊಲೆಗಾಗಿ ಶಿಕ್ಷೆಯಾಯಿತು. ಮೇಲ್ವಿಚಾರಣೆ ಎಂಬ ನೀರಸ ಹೆಸರಿನ ಕೆಲಸಕ್ಕೆ ಆ ದೇಶಗಳಲ್ಲಿ ಎಂಥ ಬೆಲೆ ತೆರಬೇಕಾಯಿತು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಕೂಡ ಸ್ಟೇಟ್ ಬ್ಯಾಂಕಿನ ಜೊತೆ ಸೇರಿ ಮಾಸ್ಕೋದಲ್ಲಿ ‘ಕಮರ್ಷಿಯಲ್ ಇಂಡೋ ಬ್ಯಾಂಕ್’ ತೆರೆದದ್ದು ಈ ಕಾಲದಲ್ಲೇ, 2003ರಲ್ಲಿ. 2022ರಲ್ಲಿ ತನ್ನ ಪಾಲನ್ನು ಸ್ಟೇಟ್ ಬ್ಯಾಂಕಿಗೇ ಮಾರಿ ಹೊರಬಂತು.

ಅಲ್ಬೇನಿಯಾದ ವಿಷಯಕ್ಕೆ ಬಂದರೆ ಸ್ವಲ್ಪ ನಿಂತು ನೋಡಲೇಬೇಕು. 1990ರ ದಶಕದ ಮಧ್ಯದಲ್ಲಿ ಅಲ್ಲಿ ಮೂರು ಸರ್ಕಾರಿ ಬ್ಯಾಂಕುಗಳಲ್ಲಿ ದೇಶದ ಠೇವಣಿಯ ಶೇ 90ರಷ್ಟು ಇತ್ತು. ಅವು ಕೊಟ್ಟ ಸಾಲ ವಸೂಲಾಗದ ಕಾರಣ ಹೊಸ ಸಾಲಕ್ಕೆ ಕೇಂದ್ರೀಯ ಬ್ಯಾಂಕ್ ಮಿತಿ ಹಾಕಿತು. ಹೀಗಾಗಿ ಅಂಗಡಿ ಇಡುವವರು, ವ್ಯಾಪಾರ ಮಾಡುವವರು ಹೊರಗಿನ ಲೇವಾದೇವಿ ಕಂಪನಿಗಳ ಬಳಿ ಹೋದರು. ಅದನ್ನು ಸರ್ಕಾರವೂ ಸಹಿಸಿಕೊಂಡಿತು; ಬ್ಯಾಂಕು ಮಾಡದ ಕೆಲಸವನ್ನು ಇವರಾದರೂ ಮಾಡುತ್ತಿದ್ದಾರೆ ಎಂಬ ಸಮಾಧಾನ. ಇದೇ ಹೊತ್ತಿಗೆ ಹೊರದೇಶದಲ್ಲಿ ದುಡಿಯುವವರ ಹಣ ಗ್ರೀಸ್, ಇಟಲಿಯಿಂದ ಹರಿದು ಬರುತ್ತಿತ್ತು. ಯುಗೊಸ್ಲಾವಿಯಾದ ಮೇಲಿನ ನಿರ್ಬಂಧದ ಕಾಲದಲ್ಲಿ ಕಳ್ಳಸಾಗಣೆಯಿಂದ ಗಳಿಸುತ್ತಿದ್ದ ಕಂಪನಿಗಳಿಗೆ 1995ರ ಕೊನೆಗೆ ಆ ಆದಾಯ ನಿಂತಿತು. ಹಳೆಯ ಠೇವಣಿಗೆ ಬಡ್ಡಿ ಕೊಡಲು ಹೊಸ ಠೇವಣಿ ಬೇಕಾಯಿತು. ಹೊಸ ಠೇವಣಿ ಸೆಳೆಯಲು ಬಡ್ಡಿ ಏರಿಸಬೇಕಾಯಿತು.

1996ರ ಬೇಸಿಗೆಯಲ್ಲಿ ಕಂಬೆರಿ ಎಂಬ ಕಂಪನಿ ತಿಂಗಳಿಗೆ ಶೇ 10 ಎಂದಿತು. ಸೆಪ್ಟೆಂಬರ್‌ನಲ್ಲಿ ಪೊಪುಲಿ ಶೇ 30ಕ್ಕೂ ಮೇಲೆ ಹೋಯಿತು. ನವೆಂಬರ್‌ನಲ್ಲಿ ಜಫೆರಿ ಮೂರು ತಿಂಗಳಲ್ಲಿ ಹಣ ಮೂರು ಪಟ್ಟು ಎಂದಿತು. ರೈತರು ದನಕರು ಮಾರಿದರು, ಊರಿನವರು ಮನೆ ಮಾರಿದರು. 35 ಲಕ್ಷ ಜನಸಂಖ್ಯೆಯ ದೇಶದಲ್ಲಿ ಜಫೆರಿ ಮತ್ತು ಪೊಪುಲಿಯ ಠೇವಣಿದಾರರೇ ಇಪ್ಪತ್ತು ಲಕ್ಷದ ಹತ್ತಿರ ಇದ್ದರು. ಕೊನೆಗೆ ಈ ಕಂಪನಿಗಳು ಜನರಿಗೆ ಕೊಡಬೇಕಾದ ಮೊತ್ತ ಸುಮಾರು 120 ಕೋಟಿ ಡಾಲರ್‌ಗೆ, ಅಂದರೆ ದೇಶದ ಒಂದು ವರ್ಷದ ಉತ್ಪನ್ನದ ಅರ್ಧದ ಸಮೀಪಕ್ಕೆ ಬಂದಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿ ಎಚ್ಚರಿಸಿತ್ತು. ಆಳುವ ಪಕ್ಷದವರು ಅದೇ ಕಂಪನಿಗಳ ಸಮಾರಂಭಗಳಲ್ಲಿ ಕಾಣಿಸಿಕೊಳ್ಳುತ್ತಿದ್ದರು. ನವೆಂಬರ್ 19ರಂದು ಸುದೆ ಎಂಬ ಕಂಪನಿ ಕೈಯೆತ್ತಿತು, 1997ರ ಜನವರಿಯಲ್ಲಿ ದಿವಾಳಿಯಾಯಿತು. ಮುಂದಿನ ಎರಡು ತಿಂಗಳಲ್ಲಿ ದಕ್ಷಿಣದ ಊರುಗಳು ಸರ್ಕಾರದ ಕೈತಪ್ಪಿದವು, ಸೇನೆಯ ಶಸ್ತ್ರಾಗಾರಗಳು ಲೂಟಿಯಾದವು, ಸುಮಾರು 2,000 ಜನ ಸತ್ತರು. ಇಟಲಿಯ ನೇತೃತ್ವದ ಪಡೆ ಬಂದಿಳಿಯಬೇಕಾಯಿತು.

ಜನರ ದುರಾಸೆಯನ್ನು ಬೈದು ಈ ಕಥೆ ಮುಗಿಸುವವರಿದ್ದಾರೆ. ಅದು ಅನ್ಯಾಯ. ಐವತ್ತು ವರ್ಷ ಬಡ್ಡಿ, ದಿವಾಳಿ, ಲಾಭ ಎಂಬ ಮಾತುಗಳನ್ನೇ ಕೇಳದಂತೆ ಬೆಳೆಸಿದ ಜನರಿಗೆ, ಮಾರುಕಟ್ಟೆ ಎಂದರೆ ಹೀಗೆಯೇ ಇರುತ್ತದೆ ಎಂದು ಮಂತ್ರಿಗಳೇ ನಡೆದು ತೋರಿಸಿದರೆ ಅವರು ನಂಬದೆ ಏನು ಮಾಡಿಯಾರು? ರಷ್ಯಾದಲ್ಲಿ ಸೆರ್ಗೇ ಮವ್ರೋದಿಯ ಇಂಥದ್ದೇ ಕಂಪನಿ ಎಂಎಂಎಂ 1994ರಲ್ಲಿ ಮುಳುಗಿತು. ಅದೇ ವರ್ಷ ಆತ ಸಂಸತ್ ಸದಸ್ಯನಾಗಿ ಆಯ್ಕೆಯಾದ. ರೊಮೇನಿಯಾದ ಕ್ಲುಜ್ ಊರಿನ ಕಾರಿತಾಸ್ ಮೂರು ತಿಂಗಳಲ್ಲಿ ಎಂಟು ಪಟ್ಟು ಕೊಡುವುದಾಗಿ ಹೇಳಿತ್ತು. ಸೆರ್ಬಿಯಾದಲ್ಲಿ ದಾಫಿಮೆಂಟ್ ಮತ್ತು ಯುಗೊಸ್ಕಾಂದಿಕ್ ಇದ್ದವು. ಕೆಲಸ ಮಾಡುವ ಬ್ಯಾಂಕು ಇಲ್ಲದ ಕಡೆಯೆಲ್ಲ ಅದರ ಖಾಲಿ ಜಾಗಕ್ಕೆ ಇವರು ಬಂದು ಕೂತರು.

ಮಧ್ಯ ಯೂರೋಪಿನಲ್ಲಿ ವಾದ ನಡೆದದ್ದು ಮಾರುವುದೋ ಇಟ್ಟುಕೊಳ್ಳುವುದೋ ಎಂಬುದರ ಮೇಲೆ. ಹಂಗೇರಿ 1992ರಿಂದ 1994ರವರೆಗೆ ತನ್ನ ಬ್ಯಾಂಕುಗಳಿಗೆ ಹಲವು ಸುತ್ತು ಬಂಡವಾಳ ತುಂಬಿತು. ಪ್ರತಿ ಸಲ ‘ಇದೇ ಕೊನೆ’ ಎಂದಿತು. ಪ್ರತಿ ಸಲ ಬ್ಯಾಂಕುಗಳು ಮುಂದಿನ ಸಲಕ್ಕೆ ಕಾದವು. ಕೊರ್ನಾಯ್ ವಿವರಿಸಿದ್ದ ರೋಗ ಕಾರ್ಖಾನೆಯಿಂದ ಬ್ಯಾಂಕಿಗೆ ದಾಟಿತ್ತು. ಅದನ್ನು ಕಂಡೇ ಸರ್ಕಾರ ಬುಡಾಪೆಸ್ಟ್ ಬ್ಯಾಂಕನ್ನು ಜಿಇ ಕ್ಯಾಪಿಟಲ್‌ಗೆ, ಹಂಗೇರಿಯನ್ ಕ್ರೆಡಿಟ್ ಬ್ಯಾಂಕನ್ನು ಎಬಿಎನ್ ಆಮ್ರೋಗೆ, ಕೆ ಅಂಡ್ ಎಚ್ ಬ್ಯಾಂಕನ್ನು ಬೆಲ್ಜಿಯಂನವರಿಗೆ ಮಾರಿತು. ಪೋಲೆಂಡ್ ಇನ್ನೂ ಜಾಣತನದ ದಾರಿ ಹಿಡಿಯಿತು ಎಂಬುದು ನನ್ನ ಅಭಿಪ್ರಾಯ. 1993ರ ಕಾನೂನಿನಲ್ಲಿ ಬ್ಯಾಂಕಿಗೆ ಬಂಡವಾಳ ಕೊಡುವುದರ ಜೊತೆಗೆ, ಕೆಟ್ಟ ಸಾಲದ ಕಾರ್ಖಾನೆಯೊಡನೆ ಕೂತು ಇತ್ಯರ್ಥ ಮಾಡುವ ಅಧಿಕಾರವನ್ನೂ ಹೊಣೆಯನ್ನೂ ಬ್ಯಾಂಕಿಗೇ ವಹಿಸಿತು. ಸಾಲ ಕೊಟ್ಟವನೇ ವಸೂಲಿ ಕಲಿಯಬೇಕಾಯಿತು. ಆ ಕಲಿಕೆ ಮುಂದೆ ದಶಕಗಳ ಕಾಲ ಕೆಲಸಕ್ಕೆ ಬಂತು.

ಚೆಕ್ ಗಣರಾಜ್ಯ ಮಾರುಕಟ್ಟೆಯ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದ ದೇಶ. ಅಲ್ಲಿ ಪ್ರಜೆಗಳಿಗೆಲ್ಲ ವೋಚರ್ ಹಂಚಿ ಕಾರ್ಖಾನೆಗಳನ್ನು ಖಾಸಗೀಕರಿಸಿದರು. ಆದರೆ ವೋಚರುಗಳನ್ನು ಕಲೆಹಾಕಿದ ದೊಡ್ಡ ನಿಧಿಗಳು ಬ್ಯಾಂಕುಗಳ ಕೈಯಲ್ಲಿದ್ದವು, ಆ ಬ್ಯಾಂಕುಗಳಲ್ಲಿ ಸರ್ಕಾರದ ಪಾಲು ಉಳಿದಿತ್ತು. ಅಂದರೆ ಕಾರ್ಖಾನೆಯ ಒಡೆಯನೂ ಸಾಲಿಗನೂ ಒಬ್ಬನೇ ಆದ. ತನ್ನದೇ ಕಾರ್ಖಾನೆಯನ್ನು ದಿವಾಳಿ ಎಂದು ಘೋಷಿಸುವ ಬ್ಯಾಂಕು ಎಲ್ಲಿದೆ? ಕೆಟ್ಟ ಸಾಲ ಬೆಳೆಯುತ್ತ ಹೋಯಿತು. 1997ರ ಮೇನಲ್ಲಿ ದೇಶದ ಕರೆನ್ಸಿ ಕೊರುನಾ ಕುಸಿಯಿತು. 2000ದ ಜೂನ್‌ನಲ್ಲಿ ಐಪಿಬಿ ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುಗಟ್ಟಿದಾಗ ಶಸ್ತ್ರಸಜ್ಜಿತ ಪೊಲೀಸರು ಮುಖ್ಯ ಕಚೇರಿಗೆ ನುಗ್ಗಿ ಅದನ್ನು ವಶಕ್ಕೆ ತೆಗೆದುಕೊಂಡರು. ಸರ್ಕಾರದ ಖಾತರಿಯೊಂದಿಗೆ ಬ್ಯಾಂಕನ್ನು ಒಂದು ಕೊರುನಾಗೆ ಚೆಸ್‌ಒಬಿ ಎಂಬ ಇನ್ನೊಂದು ಬ್ಯಾಂಕಿಗೆ ಕೊಟ್ಟರು. ಅದೇ ವರ್ಷ ಚೆಸ್ಕಾ ಸ್ಪೊರಿತೆಲ್ನಾ ಆಸ್ಟ್ರಿಯಾದ ಎರ್ಸ್ಟೆಗೆ, ಮರುವರ್ಷ ಕೊಮೆರ್ಚ್ನಿ ಬಾಂಕಾ ಫ್ರಾನ್ಸಿನ ಸೊಸಿಯೆತೆ ಜನೆರಾಲ್‌ಗೆ ಹೋದವು.

ಬಲ್ಗೇರಿಯಾದ ಕಥೆ ಚಿಕ್ಕದು, ಕಹಿಯಾದದ್ದು. 1996–97ರಲ್ಲಿ ಬ್ಯಾಂಕಿಂಗ್ ವ್ಯವಸ್ಥೆಯ ಮೂರನೇ ಒಂದು ಭಾಗ ಮುಚ್ಚಿತು. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಶೇ 240ಕ್ಕಿಂತ ಹೆಚ್ಚು ಏರಿದವು. ಜುಲೈ 1ರಿಂದ 1,000 ಲೆವಾಕ್ಕೆ ಒಂದು ಜರ್ಮನ್ ಮಾರ್ಕ್ ಎಂದು ಕಟ್ಟಿಹಾಕಿ, ಬ್ಯಾಂಕುಗಳಿಗಾಗಿ ನೋಟು ಮುದ್ರಿಸುವ ಅಧಿಕಾರವನ್ನೇ ಕೇಂದ್ರೀಯ ಬ್ಯಾಂಕಿನಿಂದ ಕಿತ್ತುಕೊಂಡರು. ಎಸ್ಟೋನಿಯಾ 1992ರಲ್ಲೇ ಇದನ್ನು ಮಾಡಿತ್ತು, ಮತ್ತು ಅದೇ ವರ್ಷ ಮುಳುಗುತ್ತಿದ್ದ ತಾರ್ತು ಕಮರ್ಷಿಯಲ್ ಬ್ಯಾಂಕನ್ನು ಕಾಪಾಡದೆ ಮುಚ್ಚಿತು. ಠೇವಣಿದಾರರಿಗೆ ನೋವಾಯಿತು, ಉಳಿದ ಬ್ಯಾಂಕರುಗಳಿಗೆ ಪಾಠವಾಯಿತು.

ಬ್ಯಾಂಕುಗಳ ಬಗ್ಗೆ ಗ್ರಂಥಗಳೇ ಬಂದಿವೆ. ವಿಮೆಯ ಬಗ್ಗೆ ಬರೆದವರು ಕಡಿಮೆ. ಆದರೆ ಸಮಾಜದ ಆರೋಗ್ಯ ಅಳೆಯಲು ವಿಮೆಯೇ ಹೆಚ್ಚು ನಂಬಬಹುದಾದ ಅಳತೆ ಎಂದು ನನಗನಿಸುತ್ತದೆ. ಬ್ಯಾಂಕಿನಿಂದ ಹಣವನ್ನು ನಾಳೆ ಬೇಕಾದರೂ ತೆಗೆಯಬಹುದು. ಜೀವ ವಿಮೆಯಲ್ಲಿ ಇಪ್ಪತ್ತು ವರ್ಷದ ನಂತರದ ಸರ್ಕಾರ, ಕರೆನ್ಸಿ, ಕಂಪನಿ ಮೂರನ್ನೂ ನಂಬಬೇಕು. 1992ರಲ್ಲಿ ಸುಟ್ಟುಕೊಂಡವರು ಅಷ್ಟು ದೂರಕ್ಕೆ ನಂಬಲಿಲ್ಲ. ರಷ್ಯಾದಲ್ಲಿ 1990ರ ದಶಕದ ಕೊನೆಗೆ ಜೀವ ವಿಮಾ ಕಂತುಗಳು ಭಾರಿಯಾಗಿ ಬೆಳೆದಂತೆ ಅಂಕಿಗಳಲ್ಲಿ ಕಾಣುತ್ತದೆ. ಅದರಲ್ಲಿ ಬಹುಪಾಲು ಸಂಬಳದ ತೆರಿಗೆ ತಪ್ಪಿಸುವ ಏರ್ಪಾಟು. ಕಂಪನಿ ನೌಕರನ ಹೆಸರಿನಲ್ಲಿ ಕಂತು ಕಟ್ಟುತ್ತಿತ್ತು, ವಿಮಾ ಸಂಸ್ಥೆ ಅದನ್ನು ತಿಂಗಳು ತಿಂಗಳು ನೌಕರನಿಗೆ ‘ಪರಿಹಾರ’ವೆಂದು ಹಿಂದಿರುಗಿಸುತ್ತಿತ್ತು. ತೆರಿಗೆ ನಿಯಮ ಬದಲಾದಾಗ ಆ ‘ಜೀವ ವಿಮೆ’ ಕರಗಿಹೋಯಿತು. ನಿಜವಾದ ವಿಮೆಯನ್ನು ಮನೆಮನೆಗೆ ತಂದದ್ದು ಕಾರು: 2003ರ ಜುಲೈ 1ರಿಂದ ರಷ್ಯಾದಲ್ಲಿ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಹಂಗೇರಿಯಲ್ಲಿ 1991ರ ಮಧ್ಯದವರೆಗೆ ಈ ವಿಮೆಯ ಕಂತು ಪೆಟ್ರೋಲಿನ ಬೆಲೆಯಲ್ಲೇ ಸೇರಿತ್ತು; ಪಾಲಿಸಿ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಜನ ವಿಮೆಯನ್ನು ತಾವಾಗಿ ಆರಿಸಿಕೊಳ್ಳುವ ಅಭ್ಯಾಸ ಎಲ್ಲಿಂದ ಶುರುವಾಗಬೇಕಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

1997ರ ಜುಲೈನಲ್ಲಿ ಓಡರ್ ನದಿ ಉಕ್ಕಿ ಪೋಲೆಂಡಿನ ಪಶ್ಚಿಮ, ದಕ್ಷಿಣ ಭಾಗಗಳು ಮುಳುಗಿದವು. ಮನೆ ಕಳೆದುಕೊಂಡವರಲ್ಲಿ ಬಹಳ ಜನರ ಬಳಿ ಪಾಲಿಸಿ ಇರಲಿಲ್ಲ. ಜನ ಮುಂಜಾಗ್ರತೆಯಿಂದ ವಿಮೆ ಮಾಡಿಸಬೇಕಿತ್ತು ಎಂಬ ಅರ್ಥದ ಮಾತನ್ನು ಪ್ರಧಾನಿ ವ್ಲೊಜಿಮಿಯೆಶ್ ಚಿಮೊಶೆವಿಚ್ ಆಡಿದರು. ದೇಶವೇ ಸಿಟ್ಟಿಗೆದ್ದಿತು, ಆತ ಕ್ಷಮೆ ಕೇಳಬೇಕಾಯಿತು. ಸೆಪ್ಟೆಂಬರ್ ಚುನಾವಣೆಯಲ್ಲಿ ಆ ಸರ್ಕಾರ ಹೋಯಿತು. ತತ್ವವಾಗಿ ಆ ಮಾತು ತಪ್ಪಲ್ಲ; ಆದರೆ ಆಪತ್ತು ಬಂದರೆ ಸರ್ಕಾರ ನೋಡಿಕೊಳ್ಳುತ್ತದೆ ಎಂದು ನಲವತ್ತು ವರ್ಷ ಕಲಿಸಿ, ಎಂಟು ವರ್ಷದಲ್ಲಿ ಅದನ್ನು ಮರೆಯಿರಿ ಎಂದರೆ ಯಾರಿಗೆ ಸಾಧ್ಯ?

ಅದೇ ಪೋಲೆಂಡಿನ ಪಿಜಡ್‌ಯು, ಆ ವಲಯದ ಅತಿ ದೊಡ್ಡ ವಿಮಾ ಸಂಸ್ಥೆ, ಖಾಸಗೀಕರಣದ ಕಗ್ಗಂಟಿಗೂ ಉದಾಹರಣೆ. 1999ರಲ್ಲಿ ಅದರ ಶೇ 30ರಷ್ಟು ಪಾಲನ್ನು ಡಚ್ ಕಂಪನಿ ಯುರೆಕೊ ಮತ್ತು ಅದರ ಜೊತೆಗಾರ ಬ್ಯಾಂಕಿಗೆ ಮಾರಿದರು. ಇನ್ನಷ್ಟು ಪಾಲು ಮಾರುವ ಮಾತಿಗೆ ಮುಂದಿನ ಸರ್ಕಾರಗಳು ಒಪ್ಪಲಿಲ್ಲ. ಸಂಸತ್ತಿನ ತನಿಖೆ, ಅಂತರರಾಷ್ಟ್ರೀಯ ಪಂಚಾಯಿತಿ ಎಂದು ಹತ್ತು ವರ್ಷ ಕಳೆದು, 2009ರಲ್ಲಿ ರಾಜಿಯಾಯಿತು, 2010ರಲ್ಲಿ ಷೇರು ಪೇಟೆಗೆ ಬಂತು. 2017ರಲ್ಲಿ ಆ ಪಿಜಡ್‌ಯು, ಸರ್ಕಾರಿ ಅಭಿವೃದ್ಧಿ ನಿಧಿಯ ಜೊತೆ ಸೇರಿ, ಇಟಲಿಯ ಯುನಿಕ್ರೆಡಿಟ್‌ನಿಂದ ಪೆಕಾವೊ ಬ್ಯಾಂಕಿನ ದೊಡ್ಡ ಪಾಲನ್ನು ಕೊಂಡಿತು. ರೊಮೇನಿಯಾದಲ್ಲಿ ಬೇರೆಯೇ ಸಂಕಟ: ಮೋಟಾರು ವಿಮೆಯಲ್ಲಿ ಅಗ್ಗದ ಕಂತಿಗೆ ಪೈಪೋಟಿ ನಡೆಸಿದ ಆಸ್ತ್ರಾ 2015ರಲ್ಲಿ, ಸಿಟಿ ಇನ್ಶೂರೆನ್ಸ್ 2021ರಲ್ಲಿ, ಯುರೋಇನ್ಸ್ 2023ರಲ್ಲಿ ಪರವಾನಗಿ ಕಳೆದುಕೊಂಡವು. ಒಂದು ಕಂಪನಿ ಮುಳುಗಿದಾಗ ಅದರ ಗ್ರಾಹಕರು ಮುಂದಿನ ಮುಳುಗುವ ಕಂಪನಿಗೆ ಹೋದರು. ಆ ದೇಶದಲ್ಲಿ ವಿಮಾ ಕಂತು ಇಂದಿಗೂ ಒಟ್ಟು ಉತ್ಪನ್ನದ ಶೇ 1ರ ಆಸುಪಾಸಿನಲ್ಲೇ ಇದೆ.

ವಿದೇಶಿ ಒಡೆತನದ ಪರೀಕ್ಷೆ ನಡೆದದ್ದು 2008ರಲ್ಲಿ. ಆ ಹೊತ್ತಿಗೆ ಎಸ್ಟೋನಿಯಾ, ಚೆಕ್, ಸ್ಲೊವಾಕಿಯಾ, ಕ್ರೊಯೇಷಿಯಾಗಳ ಬ್ಯಾಂಕುಗಳು ಬಹುತೇಕ ಪೂರ್ತಿಯಾಗಿ ಹೊರಗಿನವರವು. ಅವರು ಹಣ ಎತ್ತಿಕೊಂಡು ಓಡುತ್ತಾರೆಂಬ ಭಯವಿತ್ತು. 2009ರ ಜನವರಿಯಲ್ಲಿ ಬ್ಯಾಂಕುಗಳು, ಸರ್ಕಾರಗಳು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು ವಿಯೆನ್ನಾದಲ್ಲಿ ಒಪ್ಪಂದಕ್ಕೆ ಬಂದವು, ಓಟ ನಡೆಯಲಿಲ್ಲ. ಲಾಟ್ವಿಯಾದಲ್ಲಿ ಬಿದ್ದದ್ದು ಸ್ವದೇಶಿ ಒಡೆತನದ ಪಾರೆಕ್ಸ್ ಬ್ಯಾಂಕ್. ತನ್ನ ಬ್ಯಾಂಕುಗಳನ್ನು ಹೊರಗಿನವರಿಗೆ ಕೊಡದ ಸ್ಲೊವೇನಿಯಾ 2013ರಲ್ಲಿ ಸುಮಾರು 300 ಕೋಟಿ ಯೂರೋ ಸುರಿದು ಅವನ್ನು ಉಳಿಸಬೇಕಾಯಿತು. ಹಾಗೆಂದು ಹೊರಗಿನವರು ನಿರ್ದೋಷಿಗಳಲ್ಲ. ಹಂಗೇರಿಯ ಸಾಮಾನ್ಯ ಕುಟುಂಬಗಳಿಗೆ ಫೋರಿಂಟ್‌ನಲ್ಲಿ ಸಂಬಳ ಬರುವಾಗ ಸ್ವಿಸ್ ಫ್ರಾಂಕ್‌ನಲ್ಲಿ ಗೃಹಸಾಲ ಕೊಟ್ಟವರು ಅವರೇ. 2008ರಲ್ಲಿ 150 ಫೋರಿಂಟ್ ಆಸುಪಾಸಿನಲ್ಲಿದ್ದ ಫ್ರಾಂಕ್ 2011ರಲ್ಲಿ 250 ದಾಟಿದಾಗ ಮನೆಯ ಬೆಲೆಗಿಂತ ಸಾಲವೇ ದೊಡ್ಡದಾಯಿತು. 2014ರ ಕೊನೆಯಲ್ಲಿ ಸರ್ಕಾರ ಆ ಸಾಲಗಳನ್ನು ಫೋರಿಂಟ್‌ಗೆ ಬದಲಿಸಿತು. 2015ರ ಜನವರಿ 15ರಂದು ಫ್ರಾಂಕ್ ಇದ್ದಕ್ಕಿದ್ದಂತೆ ನೆಗೆದಾಗ ಪೋಲೆಂಡಿನ ಸಾಲಗಾರರು ಸಿಕ್ಕಿಬಿದ್ದರು, ಹಂಗೇರಿಯವರು ಪಾರಾದರು. ಆದರೆ ಅದೇ ಹಂಗೇರಿ ಸರ್ಕಾರ ಅದಕ್ಕೂ ಮೊದಲೇ ಖಾಸಗಿ ಪಿಂಚಣಿ ನಿಧಿಗಳಲ್ಲಿದ್ದ ಜನರ ಉಳಿತಾಯವನ್ನು ಖಜಾನೆಗೆ ಸೆಳೆದುಕೊಂಡಿತ್ತು, ಪೋಲೆಂಡ್ 2014ರಲ್ಲಿ ಪಿಂಚಣಿ ನಿಧಿಗಳ ಅರ್ಧಕ್ಕಿಂತ ಹೆಚ್ಚು ಆಸ್ತಿಯನ್ನು ತೆಗೆದುಕೊಂಡಿತು. ದೂರದ ಭರವಸೆ ಮತ್ತೊಮ್ಮೆ ಮುರಿಯಿತು.

ಮಾಲ್ಡೋವಾದಲ್ಲಿ 2014ರಲ್ಲಿ ಮೂರು ಬ್ಯಾಂಕುಗಳಿಂದ ಸುಮಾರು 100 ಕೋಟಿ ಡಾಲರ್ ಮಾಯವಾಯಿತು. ದೇಶದ ಉತ್ಪನ್ನದ ಎಂಟನೇ ಒಂದು ಭಾಗ. ಉಕ್ರೇನಿನಲ್ಲಿ ಅದೇ ವರ್ಷದಿಂದ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷೆ ವಲೇರಿಯಾ ಹೊಂತರೇವಾ ಸುಮಾರು 180 ಬ್ಯಾಂಕುಗಳನ್ನು ಜರಡಿ ಹಿಡಿದರು. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಮುಚ್ಚಿದವು. 2016ರ ಡಿಸೆಂಬರ್‌ನಲ್ಲಿ ಅತಿ ದೊಡ್ಡದಾದ ಪ್ರಿವಾತ್‌ಬ್ಯಾಂಕನ್ನು ರಾಷ್ಟ್ರೀಕರಿಸಿದರು. ಅದರೊಳಗಿನ ಕೊರತೆ 550 ಕೋಟಿ ಡಾಲರ್. 2019ರಲ್ಲಿ ಹೊಂತರೇವಾ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಖಾಸಗಿಯವರಿಂದ ಸರ್ಕಾರಕ್ಕೆ ಬಂದ ಬ್ಯಾಂಕು ಇಲ್ಲಿ ಸುಧಾರಿಸಿತು. ಸರ್ಕಾರದಿಂದ ಖಾಸಗಿಗೆ ಹೋದದ್ದು ಬೇರೆ ಕಡೆ ಸುಧಾರಿಸಿತ್ತು. ಎರಡೂ ಕಡೆ ಸಮಾನವಾಗಿದ್ದದ್ದು ಲೆಕ್ಕ ತಪಾಸಿಸಲು ಹೆದರದ ಅಧಿಕಾರಿಗಳು.

2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಬ್ಯಾಂಕುಗಳು ಬಾಗಿಲು ಮುಚ್ಚಲಿಲ್ಲ. ಕಾರ್ಡುಗಳು ನಡೆದವು, ಕರೆಂಟು ಹೋದಾಗ ಜನರೇಟರ್ ಇಟ್ಟು ಶಾಖೆಗಳು ಕೆಲಸ ಮಾಡಿದವು. ವಿಮೆ ಮಾತ್ರ ಹಿಂದೆ ಸರಿಯಿತು, ಏಕೆಂದರೆ ಯುದ್ಧದ ಹಾನಿ ಸಾಮಾನ್ಯ ಪಾಲಿಸಿಯ ಹೊರಗೆ. 2023ರ ನವೆಂಬರ್‌ನಲ್ಲಿ ಕಪ್ಪು ಸಮುದ್ರದ ಧಾನ್ಯ ಹಡಗುಗಳಿಗಾಗಿ ‘ಯುನಿಟಿ’ ಎಂಬ ವಿಮಾ ಏರ್ಪಾಟು ಬಂತು. ಅಪಾಯ ಹೊತ್ತವರು ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯವರು. ಅದರ ಬೆನ್ನಿಗೆ ಲೆಟರ್ ಆಫ್ ಕ್ರೆಡಿಟ್ ಕೊಟ್ಟವು ಉಕ್ರೆಕ್ಸಿಂಬ್ಯಾಂಕ್, ಉಕ್ರ್‌ಗಾಸ್‌ಬ್ಯಾಂಕ್ ಎಂಬ ಉಕ್ರೇನಿನ ಎರಡು ಸರ್ಕಾರಿ ಬ್ಯಾಂಕುಗಳು. ಅದನ್ನು ದೃಢೀಕರಿಸಿದ್ದು ಜರ್ಮನಿಯ ಒಂದು ಬ್ಯಾಂಕು. 2024ರ ಮಾರ್ಚ್‌ನಲ್ಲಿ ಆ ರಕ್ಷಣೆ ಧಾನ್ಯವಲ್ಲದ ಇತರ ನಾಗರಿಕ ಸರಕುಗಳಿಗೂ ವಿಸ್ತರಿಸಿತು.